ಕಾಫಿ ಪೂಲ್ ನಡೆಯುತ್ತಿದ್ದ ಬಗೆ

ಕೊಳ್ಳುವವರೇ ಇಲ್ಲದಾಗ ಬೆಳೆಗಾರನಿಗೆ ಸಾಲ ಕೊಟ್ಟು ಏನು ಪ್ರಯೋಜನ? 1940ರಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಿಗೆ ಬಂದದ್ದು ಅದೇ ಪಾಡು. ಯುದ್ಧದಿಂದಾಗಿ ಯುರೋಪಿನ ಮಾರುಕಟ್ಟೆ ಕೈತಪ್ಪಿತ್ತು.

ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ತಂದಿತು, 1942ರಲ್ಲಿ ಕಾಯಿದೆ ಮಾಡಿತು. ಮಾರಾಟದ ಹೊಣೆ ಬೆಂಗಳೂರಿನ ಕಾಫಿ ಬೋರ್ಡ್‌ನದಾಯಿತು. ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ಈ ಏರ್ಪಾಡೇ ಪೂಲ್; ಯುದ್ಧ ಮುಗಿದರೂ ಅದು ಮುಗಿಯಲಿಲ್ಲ.

ತೋಟದ ಮಾಲೀಕ ಹೆಸರು ನೋಂದಾಯಿಸಬೇಕಿತ್ತು. ಮನೆ ಬಳಕೆಗೆ, ಬಿತ್ತನೆಗೆ ಬಿಟ್ಟು ಮಿಕ್ಕ ಬೆಳೆಯನ್ನು ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಬೇಕಿತ್ತು. ಅಲ್ಲಿ ಸಿಪ್ಪೆ ಬಿಡಿಸಿ, ಗಾತ್ರ ಜರಡಿ ಹಿಡಿದು, ಒಂಟಿ ಬೀಜದ ಪಿ.ಬಿ.ಯನ್ನು ಬೇರೆ ಮಾಡಿ ದರ್ಜೆ ಕಟ್ಟುತ್ತಿದ್ದರು. ದರ್ಜೆಗೆ ತಕ್ಕಂತೆ ಪಾಯಿಂಟ್. ಬೀಜ ಒಪ್ಪಿಸಿದಾಗ ಮುಂಗಡ ಹಣ; ಬೋರ್ಡ್ ಹರಾಜಿನಲ್ಲಿ ಮಾರಿ ಬಂದ ಹಣವನ್ನು ಪಾಯಿಂಟ್ ಲೆಕ್ಕದಲ್ಲಿ ಹಂಚಿ ಕಂತುಕಂತಾಗಿ ಉಳಿದದ್ದು. ಕೊನೆಯ ಕಂತಿಗೆ ವರ್ಷ ಮೀರುವುದೂ ಇತ್ತು.

ಇದರಲ್ಲಿ ಖಜಾನೆಯ ದಾನ ಹುಡುಕಿದರೆ ಸಿಗುವುದು ಕಡಿಮೆ. ಹಂಚಿಕೆಯಾದದ್ದು ಬೆಳೆಗಾರರದೇ ಹಣ. ಸರ್ಕಾರ ಕೊಟ್ಟದ್ದು ಕಾಯಿದೆಯ ಬಲ. ನಾಲ್ಕೆಕರೆಯವನಿಗೂ ಇಂಗ್ಲಿಷ್ ಕಂಪನಿಗೂ ಒಂದು ದರ್ಜೆಗೆ ಒಂದೇ ಪಾಯಿಂಟ್. ಚಿಕ್ಕವರ ಪಾಲಿಗೆ ಇದು ಸಣ್ಣ ಲಾಭವಲ್ಲ. ಆದರೆ ಒಳ್ಳೆಯ ಬೀಜ ಬೆಳೆದವನ ತೋಟದ ಹೆಸರು ರಾಶಿಯಲ್ಲಿ ಅಳಿಸಿಹೋಗುತ್ತಿತ್ತು. ಯಾವಾಗ ಮಾರಬೇಕೆಂಬ ತೀರ್ಮಾನವೂ ಅವನದಾಗಿರಲಿಲ್ಲ.

ಒಳನಾಡಿನಲ್ಲಿ ಕಾಫಿ ಕುಡಿಸುವ ಕೆಲಸ ಇನ್ನೂ ಹಳೆಯದು. 1935ರ ಸೆಸ್ ಕಾಯಿದೆಯಿಂದ ಹುಟ್ಟಿದ ಸಮಿತಿ 1936ರಲ್ಲಿ ಮುಂಬೈಯಲ್ಲಿ ಕಾಫಿ ಹೌಸ್ ತೆರೆಯಿತು; ಬೋರ್ಡ್ ಅದನ್ನು ಬೆಳೆಸಿತು. 1950ರ ದಶಕದಲ್ಲಿ ಬೋರ್ಡ್ ಕಾಫಿ ಹೌಸ್‌ಗಳನ್ನು ಮುಚ್ಚಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಿದರು. ಬೆಂಗಳೂರಿನ ಇಂಡಿಯಾ ಕಾಫಿ ಹೌಸ್ ಆ ಸಾಲಿನದು.

1990ರ ದಶಕದಲ್ಲಿ ಮೊದಲು ಬೆಳೆಯ ಒಂದು ಪಾಲನ್ನು ಸ್ವಂತವಾಗಿ ಮಾರಲು ಬಿಟ್ಟರು. 1996ಕ್ಕೆ ಪೂಲ್ ಪೂರ್ತಿ ನಿಂತಿತು. ಬೋರ್ಡ್ ಈಗಲೂ ಇದೆ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರವೂ ಇದೆ. ಬೆಲೆ ಮಾತ್ರ ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್ ನೋಡಿಕೊಂಡು ಏರಿಳಿಯುತ್ತದೆ. ಮಾರುವುದೋ ಕಾಯುವುದೋ ಬೆಳೆಗಾರನ ಇಷ್ಟ, ನಷ್ಟವಾದರೆ ಅದೂ ಅವನದೇ.