ಸೊರಗಿದ ಬೆಟ್ಟಾಗೆ ಮೊದಲು ಬಿಸಿ, ಆಮೇಲೆ ಊಟ

ಅಕ್ವೇರಿಯಂ ಅಂಗಡಿಗಳಲ್ಲಿ ‘ಫೈಟರ್’ ಎಂದೇ ಕರೆಯುವ ಬೆಟ್ಟಾ ಸೊರಗಿದೆಯೋ ಇಲ್ಲವೋ ಎಂಬುದು ಪಕ್ಕದಿಂದ ನೋಡಿದರೆ ಸುಲಭವಾಗಿ ತಿಳಿಯದು. ಇಳಿಬಿದ್ದ ರೆಕ್ಕೆಗಳ ಬೆಡಗು ಮೈಯನ್ನು ಮರೆಸಿಬಿಡುತ್ತದೆ. ಮೇಲಿನಿಂದ ನೋಡಬೇಕು. ಚೆನ್ನಾಗಿರುವ ಮೀನು ತಲೆಯಿಂದ ಹೊಟ್ಟೆಯವರೆಗೆ ಹೆಚ್ಚುಕಡಿಮೆ ಒಂದೇ ದಪ್ಪವಿದ್ದು, ಬಾಲದ ಕಡೆಗೆ ಮೆಲ್ಲಗೆ ಸಣ್ಣಗಾಗುತ್ತದೆ. ಸೊರಗಿದ ಮೀನಿನ ತಲೆಯೇ ದೊಡ್ಡದಾಗಿ ಕಾಣುತ್ತದೆ. ಅದರ ಹಿಂದೆ ಮೈ ತಟ್ಟನೆ ಕಿರಿದಾಗಿ, ಹೊಟ್ಟೆ ಒಳಕ್ಕೆ ಹೋಗಿರುತ್ತದೆ. ರೆಕ್ಕೆ ಮಡಚಿಕೊಂಡು ತಳ ಹಿಡಿದು, ಗಾಳಿ ಗುಟುಕರಿಸಲು ಮಾತ್ರ ಮೇಲೆ ಬಂದು ಹೋಗುತ್ತಿದ್ದರೆ ಅನುಮಾನ ಬೇಡ. ಎಲೆಗೆ ಒರಗಿ ಮಲಗುವುದು ಮಾತ್ರ ಬೆಟ್ಟಾದ ಹುಟ್ಟುಗುಣ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಇಂಥ ಮೀನನ್ನು ಕಂಡವರ ಕೈ ನೇರ ಹೋಗುವುದು ಆಹಾರದ ಡಬ್ಬಿಗೆ. ಅಲ್ಲಿಗೆ ಹೋಗುವ ಮೊದಲು ತರಬೇಕಾದದ್ದು ಒಂದು ಥರ್ಮಾಮೀಟರ್. ನೀರಿನ ಬಿಸಿ ಎಷ್ಟೋ ಮೀನಿನ ಮೈಬಿಸಿಯೂ ಅಷ್ಟೇ. ನೀರು ತಣ್ಣಗಾದಂತೆ ಅದರ ಓಡಾಟ, ಹಸಿವು, ಜೀರ್ಣಶಕ್ತಿ ಮೂರೂ ಒಟ್ಟಿಗೆ ಕುಗ್ಗುತ್ತವೆ. ಆಗ ಹಾಕಿದ ಕಾಳು ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ, ಇಲ್ಲವೇ ತಳದಲ್ಲಿ ಕೊಳೆತು ನೀರು ಕೆಡಿಸುತ್ತದೆ.

ಬೆಟ್ಟಾದ ತವರು ಥಾಯ್ಲೆಂಡ್. ಅಲ್ಲಿನ ಬಯಲಿನ ಭತ್ತದ ಗದ್ದೆ, ಕಾಲುವೆ, ಜವುಗುಗಳ ಮೀನು ಇದು. 1910ರಲ್ಲಿ ಚಾರ್ಲ್ಸ್ ಟೇಟ್ ರೀಗನ್ ಇದಕ್ಕೆ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂಬ ವೈಜ್ಞಾನಿಕ ಹೆಸರು ಕೊಟ್ಟ. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಕಾಶೆಯಲ್ಲಿ ನೋಡಿದರೆ ಬ್ಯಾಂಕಾಕ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೆ ಬ್ಯಾಂಕಾಕ್ ಇರುವುದು ಸಮುದ್ರಮಟ್ಟದಲ್ಲಿ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಇಲ್ಲಿ 15-16 ಡಿಗ್ರಿಗೆ ಇಳಿಯುವುದು ಮಾಮೂಲು. ಕಿಟಕಿ ಪಕ್ಕ ಇಟ್ಟ ಸಣ್ಣ ಗಾಜಿನ ಬಟ್ಟಲಿನ ನೀರು ಬೆಳಗಿನ ಜಾವದ ಹೊತ್ತಿಗೆ ಎಷ್ಟು ತಣ್ಣಗಿರುತ್ತದೆಂದು ಬೆರಳಿಟ್ಟರೇ ಗೊತ್ತಾಗುತ್ತದೆ. ಬೆಟ್ಟಾಗೆ ಹಿತವಾದದ್ದು 25ರಿಂದ 28 ಡಿಗ್ರಿ. ಮಂಗಳೂರಿನವರು ಹೀಟರ್ ಇಲ್ಲದೆಯೂ ವರ್ಷದ ಬಹುಪಾಲು ನಿಭಾಯಿಸಬಹುದು. ಬೆಂಗಳೂರು, ಮೈಸೂರು, ಮಡಿಕೇರಿಯವರಿಗೆ 20 ಲೀಟರಿನ ತೊಟ್ಟಿಗೆ 25 ಅಥವಾ 50 ವ್ಯಾಟ್‌ನ ಹೀಟರ್ ಬೇಕೇ ಬೇಕು. ಹಾಗೆಂದು ಬಿಸಿನೀರು ಸುರಿಯುವುದಲ್ಲ. ಗಂಟೆಗೆ ಒಂದು ಡಿಗ್ರಿಗಿಂತ ಹೆಚ್ಚು ಏರದಂತೆ ನೋಡಿಕೊಂಡರೆ ಸಾಕು, ಎಷ್ಟೋ ಮೀನುಗಳು ಒಂದೆರಡು ದಿನದಲ್ಲೇ ಚುರುಕಾಗುತ್ತವೆ.

ಬಿಸಿಯ ನಂತರ ನೀರಿನ ಶುದ್ಧಿ. ಬೆಟ್ಟಾದ ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ ಲ್ಯಾಬಿರಿಂತ್ ಎಂಬ ಅಂಗವಿದೆ. ಅದರಿಂದ ಅದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು. ‘ಇದಕ್ಕೆ ಫಿಲ್ಟರೂ ಬೇಡ, ದೊಡ್ಡ ತೊಟ್ಟಿಯೂ ಬೇಡ’ ಎಂಬ ಅಂಗಡಿ ಮಾತು ಹುಟ್ಟಿದ್ದು ಇಲ್ಲಿಂದಲೇ. ಮಾತಿನಲ್ಲಿ ಅರ್ಧ ಸತ್ಯವಿದೆ. ಲ್ಯಾಬಿರಿಂತ್ ಆಮ್ಲಜನಕದ ಕೊರತೆಯನ್ನು ನೀಗಿಸುತ್ತದೆ, ಅಮೋನಿಯಾವನ್ನು ಅಲ್ಲ. ಮೀನು ಹೊರಬಿಡುವ ಅಮೋನಿಯಾ ಸಣ್ಣ ಬಟ್ಟಲಿನಲ್ಲಿ ಬೇಗ ಸೇರಿ ಕಿವಿರನ್ನು ಸುಡುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಕೆಡುಕಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆದರೆ ಅವು ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಅಮೋನಿಯಾ ಟೆಸ್ಟ್ ಕಿಟ್ ಇಟ್ಟುಕೊಂಡು, ಅಂಶ ಕಂಡಾಗಲೆಲ್ಲ ಕಾಲು ಭಾಗ ಅಥವಾ ಮೂರನೇ ಒಂದು ಭಾಗ ನೀರು ಬದಲಿಸಬೇಕು. ಹೊಸ ನೀರು ಕ್ಲೋರಿನ್ ಕಳೆದದ್ದಾಗಿರಬೇಕು, ಬಿಸಿಯೂ ತೊಟ್ಟಿಯ ನೀರಿಗೆ ಸರಿಸಮವಾಗಿರಬೇಕು. ಪೂರ್ತಿ ನೀರು ಚೆಲ್ಲಿ ತೊಟ್ಟಿ ತಿಕ್ಕಿ ತೊಳೆಯುವ ವಾರದ ಶಾಸ್ತ್ರವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ.

ಇಷ್ಟಾದ ಮೇಲೆ ಊಟ. ಬೆಟ್ಟಾ ಹುಳುಹುಪ್ಪಟೆ ತಿನ್ನುವ ಜೀವಿ. ಬ್ರೆಡ್ಡಿನ ಚೂರು, ಅನ್ನದ ಅಗುಳು, ಚಿನ್ನದ ಮೀನಿನ ಕಾಳು ಇದರ ಆಹಾರವಲ್ಲ. ಕಾಳಿನ ಕಡೆ ತಿರುಗಿಯೂ ನೋಡದ ಮೀನು ಅಲುಗಾಡುವ ಬೇಟೆಯನ್ನು ಕಂಡರೆ ಬಾಯಿ ಹಾಕುತ್ತದೆ. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ, ಆಗಷ್ಟೇ ಮೊಟ್ಟೆಯೊಡೆದ ಮರಿಗಳು ಇದಕ್ಕೆ ಒಳ್ಳೆಯವು. ಅದರ ಮೊಟ್ಟೆಗಳನ್ನು ಉಪ್ಪುನೀರಿನಲ್ಲಿ ಹಾಕಿ ಗಾಳಿಗುಳ್ಳೆ ಬಿಟ್ಟರೆ ಒಂದು, ಒಂದೂವರೆ ದಿನದಲ್ಲಿ ಮರಿಯಾಗುತ್ತವೆ. ಡ್ಯಾಫ್ನಿಯಾ ಎಂಬ ಸಿಹಿನೀರಿನ ಪುಟ್ಟ ಜೀವಿ ಸಿಕ್ಕರೆ ಅದೂ ಆದೀತು. ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಅನ್ನು ಕರಗಿಸಿ ಒಂದೆರಡು ಹುಳು ಕೊಡಬಹುದು. ಸೊಳ್ಳೆ ಮರಿ ಬೆಟ್ಟಾಗೆ ಬಲು ಇಷ್ಟ ನಿಜ, ಆದರೆ ಡೆಂಗಿ ಕಾಲದಲ್ಲಿ ಮೀನಿಗೋಸ್ಕರ ಬಕೆಟ್ಟಿನಲ್ಲಿ ಸೊಳ್ಳೆ ಸಾಕುವುದು ಕೇರಿಗೆಲ್ಲ ಅಪಾಯ. ಚರಂಡಿಯಿಂದ ತರುವ ಹುಳುಗಳೂ ಬೇಡ, ಅವುಗಳ ಜೊತೆ ರೋಗಾಣು ಬರುತ್ತವೆ.

ಒಮ್ಮೆಲೇ ತುಂಬಿಸುವ ಆಸೆ ಬೇಡ. ದಿನಕ್ಕೆ ಮೂರು ಹೊತ್ತು, ಪ್ರತಿ ಹೊತ್ತಿಗೂ ಕೆಲವೇ ತುತ್ತು. ಹತ್ತು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ಪಿಪೆಟ್‌ನಿಂದ ತೆಗೆದುಬಿಡಿ. ಹೊಟ್ಟೆ ಸಣ್ಣಗೆ ಉಬ್ಬಿದರೆ ಸರಿ. ಮೈ ಊದಿಕೊಂಡು ಹುರುಪೆಗಳು ಎದ್ದು ನಿಂತರೆ ಅದು ಜಲೋದರ, ಊಟದ ವಿಷಯವಲ್ಲ. ಮೊದಲು ಮರಳುವುದು ಹಸಿವು ಮತ್ತು ಕುತೂಹಲ. ಮೈ ತುಂಬಿಕೊಳ್ಳಲು ವಾರಗಳೇ ಬೇಕು. ವಾರಕ್ಕೊಮ್ಮೆ ಮೇಲಿನಿಂದ ಒಂದು ಫೋಟೊ ತೆಗೆದಿಟ್ಟರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಬಿಸಿ, ನೀರು, ಊಟ ಎಲ್ಲ ಸರಿಯಿದ್ದು, ಚೆನ್ನಾಗಿ ತಿಂದೂ ಮೀನು ಕರಗುತ್ತಿದ್ದರೆ ಹೊಟ್ಟೆಯ ಪರೋಪಜೀವಿಗಳನ್ನು ಶಂಕಿಸಬೇಕು. ಬಿಳಿ ನೂಲಿನಂಥ ಮಲ ಒಂದು ಸುಳಿವು, ಆದರೆ ಹಸಿದ ಮೀನಿನಲ್ಲೂ ಅದು ಕಾಣಬಹುದು. ಗುದದ್ವಾರದಿಂದ ಕೆಂಪು ದಾರಗಳು ಇಣುಕಿದರೆ ಅದು ಕಮಲಾನಸ್ ಎಂಬ ದುಂಡುಹುಳು. ಅದಕ್ಕೆ ಲೆವಾಮಿಸೋಲ್‌ನಂಥ ಔಷಧಿ ಇದೆ. ಪ್ರಮಾಣವನ್ನು ಪಶುವೈದ್ಯರನ್ನೇ ಕೇಳಿ. ಅಂಗಡಿಯ ನೀಲಿ ಬಾಟಲಿ, ಹಳದಿ ಬಾಟಲಿಗಳನ್ನು ಒಂದರ ಮೇಲೊಂದು ಸುರಿಯುವುದು ಚಿಕಿತ್ಸೆಯಲ್ಲ. ಬೆಟ್ಟಾದ ಆಯಸ್ಸೇ ಎರಡು ಮೂರು ವರ್ಷ, ಹೆಚ್ಚೆಂದರೆ ಇನ್ನೊಂದೆರಡು. ಮುದಿ ಮೀನು ಸೊರಗುವುದನ್ನು ಯಾವ ಬಾಟಲಿಯೂ ತಡೆಯದು.

ಸೊರಗುವುದರ ಜೊತೆಗೆ ಬೆನ್ನು ಬಾಗಿ, ಮೈಮೇಲೆ ಹುಣ್ಣುಗಳೆದ್ದರೆ ಮೀನಿನ ಕ್ಷಯವಿರಬಹುದು. ಮೈಕೋಬ್ಯಾಕ್ಟೀರಿಯಂ ಮರೈನಂ ಮುಂತಾದ ಬ್ಯಾಕ್ಟೀರಿಯಾಗಳಿಂದ ಬರುವ ಈ ರೋಗಕ್ಕೆ ಮೀನುಗಳಲ್ಲಿ ನಂಬಬಹುದಾದ ಮದ್ದಿಲ್ಲ. ಗಾಯವಿರುವ ಕೈಯನ್ನು ಅಂಥ ನೀರಿಗೆ ಇಳಿಸಿದರೆ ಮನುಷ್ಯರ ಚರ್ಮದಲ್ಲೂ ಗಂಟುಗಳೇಳಬಹುದು. ಆ ತೊಟ್ಟಿಯ ಬಲೆ, ಪೈಪುಗಳನ್ನು ಬೇರೆ ತೊಟ್ಟಿಗೆ ತಾಗಿಸಬಾರದು. ರಬ್ಬರ್ ಕೈಗವಸು ಹಾಕಿಕೊಳ್ಳಬೇಕು, ನೀರೆಳೆಯುವ ಪೈಪಿಗೆ ಬಾಯಿ ಹಚ್ಚಲೇಬಾರದು.