ಹಳಿಯನ್ನು ಹಿಡಿದಿಡುವ ಉಕ್ಕು: ಸ್ಲೀಪರ್, ಬೆಣೆ ಮತ್ತು ಕ್ಲಿಪ್

ಮುಂದಿನ ಸಲ ರೈಲಿಗೆ ಕಾಯುವಾಗ ಪ್ಲಾಟ್‌ಫಾರ್ಮಿನ ತುದಿಗೆ ಹೋಗಿ, ಅಲ್ಲಿಂದಲೇ ಹಳಿಯ ಬುಡವನ್ನು ನೋಡಿ. ಹೆಬ್ಬೆರಳು ಗಾತ್ರದ ಒಂದು ಸರಳು ಸುರುಳಿ ಸುತ್ತಿಕೊಂಡು ಹಳಿಯ ಪಾದವನ್ನು ಒತ್ತಿ ಕೂತಿರುತ್ತದೆ. ಸ್ವಲ್ಪ ಹೊತ್ತಿಗೆ ಸುತ್ತಿಗೆ ಹಿಡಿದ ಒಬ್ಬರು ಹಳಿಗುಂಟ ನಡೆದು ಬರಬಹುದು. ಅವರನ್ನು ರೈಲ್ವೆಯಲ್ಲಿ ಕೀಮನ್ ಎನ್ನುತ್ತಾರೆ. ಅವರ ಬಳಿ ಯಾವ ಬೀಗದ ಕೀಯೂ ಇಲ್ಲ. ಇಲ್ಲಿ ಕೀ ಎಂದರೆ ಉಕ್ಕಿನ ಬೆಣೆ. ಒಂದು ಕಾಲದಲ್ಲಿ ಹಳಿಯನ್ನು ಉಕ್ಕಿನ ಸ್ಲೀಪರಿಗೆ ಬಿಗಿಯುತ್ತಿದ್ದುದು ಅದೇ ಬೆಣೆ. ಬೆಣೆ ಬಹುಮಟ್ಟಿಗೆ ಹೋಯಿತು, ಹೆಸರು ಉಳಿಯಿತು. ಆ ಬದಲಾವಣೆ ಏಕಾಯಿತು ಎಂದು ತಿಳಿದರೆ ಹಳಿಯ ಕೆಳಗಿನ ಇಡೀ ಲೆಕ್ಕಾಚಾರ ಅರ್ಥವಾಗುತ್ತದೆ.

ಸ್ಲೀಪರಿನ ಕೆಲಸ ಏನು?

ಹಳಿಗಳ ಕೆಳಗೆ ಅಡ್ಡಲಾಗಿ ಮಲಗಿರುವ ದಿಮ್ಮಿಯೇ ಸ್ಲೀಪರ್. ಅದಕ್ಕೆ ಮೂರು ಕೆಲಸ.

ಮೊದಲನೆಯದು, ಗೇಜ್ ಕಾಯುವುದು. ಗೇಜ್ ಎಂದರೆ ಎರಡು ಹಳಿಗಳ ಒಳ ಅಂಚುಗಳ ನಡುವಿನ ದೂರ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಅದು 1676 ಮಿ.ಮೀ. ಎರಡನೆಯದು, ಗಾಲಿಯ ಭಾರವನ್ನು ಅಗಲಕ್ಕೆ ಹಂಚಿ ಜಲ್ಲಿಗೆ ದಾಟಿಸುವುದು. ಮೂರನೆಯದು, ಹಳಿ ಅತ್ತಿತ್ತ ಜರುಗದಂತೆ ತಡೆಯುವುದು.

ಈ ಮೂರನೆಯ ಕೆಲಸ ಸುಲಭದ್ದಲ್ಲ. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ಆದರೆ ಈಗಿನ ಹಳಿಗಳನ್ನು ಉದ್ದಕ್ಕೂ ಬೆಸುಗೆ ಹಾಕಿರುವುದರಿಂದ ಹಿಗ್ಗಲು ಜಾಗವಿಲ್ಲ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಒಂದು ಡಿಗ್ರಿ ಶಾಖ ಏರಿದರೆ ಎರಡು ಟನ್ನಿಗೆ ತುಸು ಕಡಿಮೆ ಬಲ ಕೂಡಿಕೊಳ್ಳುತ್ತದೆ. ಮೂವತ್ತು ಡಿಗ್ರಿ ಏರಿದರೆ ಸುಮಾರು 55 ಟನ್. ಹಿಡಿತ ಸಡಿಲವಾದರೆ ಹಳಿ ಹಾವಿನಂತೆ ಬಾಗುತ್ತದೆ.

ಕವುಚಿಟ್ಟ ಮರಿಗೆಯ ಆಕಾರ

ಮೊದಲು ಸ್ಲೀಪರಿಗೆ ಮರ ಬಳಸುತ್ತಿದ್ದರು. ಮರ ಹನ್ನೆರಡರಿಂದ ಹದಿನೈದು ವರ್ಷ ಬಾಳುತ್ತದೆ. ಆಮೇಲೆ ಗೆದ್ದಲು, ಮಳೆ, ಬಿರುಕು. ಒಳ್ಳೆಯ ಗಟ್ಟಿಮರ ಕಡಿಮೆಯಾದಂತೆ ಉಕ್ಕು ಬಂತು.

ಉಕ್ಕಿನ ಸ್ಲೀಪರ್ ಎಂದರೆ ಗಟ್ಟಿ ತೊಲೆ ಎಂದುಕೊಳ್ಳಬೇಡಿ. ಸುಮಾರು ಅರ್ಧ ಅಂಗುಲ ದಪ್ಪದ ತಗಡನ್ನು ಒತ್ತಿ ಮರಿಗೆಯ ಆಕಾರಕ್ಕೆ ತಂದು, ಅದನ್ನು ಜಲ್ಲಿಯ ಮೇಲೆ ಕವುಚಿ ಇಡುತ್ತಾರೆ. ಟ್ರಫ್ ಸ್ಲೀಪರ್ ಎಂಬ ಹೆಸರು ಅದಕ್ಕೇ ಬಂದಿದೆ. ಟ್ರಫ್ ಎಂದರೆ ಮರಿಗೆ. ಬ್ರಾಡ್‌ಗೇಜ್‌ನದು ಸುಮಾರು 2.7 ಮೀಟರ್ ಉದ್ದ, ತೂಕ ಸುಮಾರು 80 ಕಿಲೋ.

ಇಷ್ಟು ತೆಳುವಾದದ್ದು ರೈಲಿನ ಭಾರ ಹೇಗೆ ಹೊರುತ್ತದೆ? ಒಂದು ಹಾಳೆ ಕಾಗದವನ್ನು ಎರಡು ಲೋಟಗಳ ಮೇಲೆ ಹಾಸಿ ನೋಡಿ, ತನ್ನ ಭಾರಕ್ಕೇ ಜೋತುಬೀಳುತ್ತದೆ. ಅದೇ ಹಾಳೆಯ ಅಂಚುಗಳನ್ನು ಮಡಿಸಿ ಇಡಿ, ನೆಟ್ಟಗೆ ನಿಲ್ಲುತ್ತದೆ. ಟ್ರಫ್ ಸ್ಲೀಪರಿನ ಶಕ್ತಿಯೂ ದಪ್ಪದಲ್ಲಿಲ್ಲ, ಮಡಿಕೆಯಲ್ಲಿದೆ.

ಈ ಆಕಾರದ ವಿನ್ಯಾಸದಲ್ಲಿ ಮೂರು ವಿವರಗಳು ಮುಖ್ಯ. ಎರಡೂ ತುದಿಗಳನ್ನು ಗುದ್ದಲಿಯಂತೆ ಕೆಳಕ್ಕೆ ಬಾಗಿಸಿರುತ್ತಾರೆ. ಅವು ಜಲ್ಲಿಯನ್ನು ಹೊಟ್ಟೆಯೊಳಗೆ ಹಿಡಿದಿಟ್ಟು, ಸ್ಲೀಪರ್ ಪಕ್ಕಕ್ಕೆ ಸರಿಯದಂತೆ ತಡೆಯುತ್ತವೆ. ಹಳಿ ಕೂರುವ ಜಾಗಕ್ಕೆ ಇಪ್ಪತ್ತಕ್ಕೆ ಒಂದರಷ್ಟು ಒಳವಾಲು ಕೊಡುತ್ತಾರೆ. ಇದಕ್ಕೆ ಕ್ಯಾಂಟ್ ಎನ್ನುತ್ತಾರೆ. ರೈಲಿನ ಗಾಲಿಯ ಮೈ ಓರೆಯಾಗಿರುವುದರಿಂದ ಹಳಿಯೂ ಅದಕ್ಕೆ ಹೊಂದಿ ವಾಲಬೇಕು. ಮೂರನೆಯದು, ಹಳಿ ಹಿಡಿಯುವ ಕಿವಿ. ಹಿಂದೆ ಸ್ಲೀಪರಿನ ತಗಡನ್ನೇ ಕತ್ತರಿಸಿ, ಎಬ್ಬಿಸಿ ಕಿವಿ ಮಾಡುತ್ತಿದ್ದರು. ಕತ್ತರಿಸಿದ ಚೂಪು ಮೂಲೆಯಿಂದ ಬಿರುಕು ಹೊರಡುತ್ತಿತ್ತು. ಆಮೇಲೆ ದುಂಡನೆಯ ತೂತು ಕೊರೆದು, ಅದಕ್ಕೆ ಬಿಡಿ ದವಡೆ ಸಿಕ್ಕಿಸುವ ಕ್ರಮ ಬಂತು. ದುಂಡು ತೂತಿನ ಸುತ್ತ ಒತ್ತಡ ಹಂಚಿಹೋಗುತ್ತದೆ. ದವಡೆ ಸವೆದರೆ ಅದೊಂದನ್ನೇ ಬದಲಿಸಬಹುದು.

ಇದರ ಜೊತೆಗೇ ಬೀಡುಕಬ್ಬಿಣದ ಸ್ಲೀಪರ್ ಕೂಡ ನಮ್ಮಲ್ಲಿ ಬಹಳ ಬಳಕೆಯಲ್ಲಿತ್ತು. ಅದರ ಹೆಸರು ಸಿಎಸ್‌ಟಿ-9, ಅಂದರೆ ಸೆಂಟ್ರಲ್ ಸ್ಟ್ಯಾಂಡರ್ಡ್ ಟ್ರಯಲ್ ಸರಣಿಯ ಒಂಬತ್ತನೆಯ ಮಾದರಿ. ಒಂದೊಂದು ಹಳಿಯ ಕೆಳಗೂ ಬೀಡಿನ ಒಂದು ಪೀಠ, ಎರಡನ್ನೂ ಜೋಡಿಸುವ ಒಂದು ಉಕ್ಕಿನ ಪಟ್ಟಿ. ಆ ಪಟ್ಟಿಗೆ ಟೈಬಾರ್ ಎನ್ನುತ್ತಾರೆ. ಹಳೆಯ ಯಾರ್ಡುಗಳಲ್ಲಿ, ಸೈಡಿಂಗ್‌ಗಳಲ್ಲಿ, ಅಂದರೆ ಮುಖ್ಯ ದಾರಿಯಿಂದ ಕವಲೊಡೆದ ಹಳಿಗಳಲ್ಲಿ, ಇಂಥವು ಈಗಲೂ ಕಣ್ಣಿಗೆ ಬೀಳುತ್ತವೆ.

ಬೆಣೆಯಿಂದ ಸ್ಪ್ರಿಂಗಿಗೆ

ಹಳಿಯನ್ನು ಸ್ಲೀಪರಿಗೆ ಕಟ್ಟುವ ಸಾಮಾನುಗಳಿಗೆಲ್ಲ ಒಟ್ಟಾಗಿ ಫಾಸ್ಟನಿಂಗ್ ಎನ್ನುತ್ತಾರೆ. ಉಕ್ಕಿನ ಸ್ಲೀಪರಿನಲ್ಲಿ ದವಡೆಗೂ ಹಳಿಯ ಪಾದಕ್ಕೂ ನಡುವೆ ಬೆಣೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದರು. ಒಂದು ಸ್ಲೀಪರಿಗೆ ನಾಲ್ಕು ಬೆಣೆ. ಎತ್ತ ಹೆಚ್ಚು ಬಡಿಯುತ್ತಾರೋ ಅದಕ್ಕೆ ತಕ್ಕಂತೆ ಗೇಜನ್ನು ಕೆಲವು ಮಿ.ಮೀ. ಹೊಂದಿಸಲೂ ಆಗುತ್ತಿತ್ತು.

ಆದರೆ ಬೆಣೆಗೆ ಒಂದು ದೋಷವಿದೆ. ಅದು ಬಿಗಿಯಾಗಿರುತ್ತದೆ, ಇಲ್ಲವೇ ಸಡಿಲವಾಗಿರುತ್ತದೆ. ನಡುವಿನ ಸ್ಥಿತಿ ಇಲ್ಲ. ಪ್ರತಿ ರೈಲೂ ಹಳಿಯನ್ನು ನಡುಗಿಸುತ್ತದೆ, ಬೆಣೆ ಕೂದಲೆಳೆಯಷ್ಟು ಜಾರುತ್ತದೆ. ಕೀಮನ್ ಬಂದು ಮತ್ತೆ ಬಡಿಯುತ್ತಾರೆ. ಬಡಿದಂತೆಲ್ಲ ಬೆಣೆಯೂ ದವಡೆಯೂ ಸವೆಯುತ್ತವೆ.

ಇದಕ್ಕೆ ಪರಿಹಾರ ಸ್ಪ್ರಿಂಗ್. ನಾರ್ವೆಯ ಎಂಜಿನಿಯರ್ ಪೆರ್ ಪಾಂಡೆ-ರೋಲ್ಫ್‌ಸೆನ್ 1950ರ ದಶಕದಲ್ಲಿ ಸುರುಳಿ ಕ್ಲಿಪ್ ರೂಪಿಸಿದರು. ಪ್ಯಾಂಡ್ರೋಲ್ ಎಂಬ ಹೆಸರು ಅವರ ಹೆಸರಿನಿಂದಲೇ ಬಂದದ್ದು. ನಮ್ಮಲ್ಲಿ ಅದಕ್ಕೆ ಇಲಾಸ್ಟಿಕ್ ರೈಲ್ ಕ್ಲಿಪ್, ಚಿಕ್ಕದಾಗಿ ಇಆರ್‌ಸಿ ಎನ್ನುತ್ತಾರೆ.

ಮಾರ್ಕ್-3 ಎಂಬ ಕ್ಲಿಪ್ಪನ್ನೇ ತೆಗೆದುಕೊಳ್ಳಿ. ಸುಮಾರು 20.6 ಮಿ.ಮೀ. ದಪ್ಪದ ಸ್ಪ್ರಿಂಗ್ ಉಕ್ಕಿನ ಸರಳನ್ನು ಕೆಂಪಗೆ ಕಾಯಿಸಿ ಬಗ್ಗಿಸುತ್ತಾರೆ. ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿ, ಮತ್ತೆ ಮಿತವಾಗಿ ಕಾಯಿಸಿ ಹದಕ್ಕೆ ತರುತ್ತಾರೆ. ಅದನ್ನು ಬಡಿದು ಕೂರಿಸಿದಾಗ ಅದರ ಮೂತಿ 13.5 ಮಿ.ಮೀ. ಮೇಲಕ್ಕೆ ಬಾಗುತ್ತದೆ. ವಾಪಸು ಇಳಿಯಲು ಹವಣಿಸುತ್ತ ಹಳಿಯ ಪಾದವನ್ನು 850ರಿಂದ 1100 ಕಿಲೋ ಬಲದಿಂದ ಒತ್ತುತ್ತದೆ. ಈ ಬಲಕ್ಕೆ ಟೋ ಲೋಡ್ ಎನ್ನುತ್ತಾರೆ.

ಈಗ ಹೋಲಿಸಿ. ಬೆಣೆ ಒಂದು ಮಿ.ಮೀ. ಸಡಿಲವಾದರೆ ಹಿಡಿತ ಪೂರ್ತಿ ಹೋಯಿತು. ಕ್ಲಿಪ್ಪಿನ ಕೆಳಗೆ ಒಂದು ಮಿ.ಮೀ. ಸವೆದರೆ 13.5ರಲ್ಲಿ ಒಂದು ಪಾಲು ಮಾತ್ರ ಹೋಗುತ್ತದೆ. ಉಳಿದ ಹಿಡಿತ ಹಾಗೆಯೇ ಇರುತ್ತದೆ. ಬಾಗುವ ಗುಣವಿರುವುದರಿಂದಲೇ ಅದು ಬಿಡದೆ ಹಿಡಿಯುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದಲ್ಲಿ 55 ಕಿಲೋಮೀಟರಿಗೆ 57 ಸುರಂಗಗಳು, ಐವತ್ತಕ್ಕೆ ಒಂದರ ಇಳಿಜಾರು. ಅಲ್ಲಿ ಇಳಿಯುವ ರೈಲು ಬ್ರೇಕ್ ಹಿಡಿದಾಗ ಹಳಿಯೂ ಕೆಳಕ್ಕೆ ಜರುಗಲು ನೋಡುತ್ತದೆ. ಅದನ್ನು ತಡೆಯುವುದು ಈ ಹಿಡಿತವೇ.

ಕ್ಲಿಪ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಹಳಿಯ ಕೆಳಗೆ ರಬ್ಬರ್ ಪ್ಯಾಡ್, ಕ್ಲಿಪ್ಪಿನ ಮೂತಿಯ ಕೆಳಗೆ ಲೈನರ್ ಎಂಬ ತುಂಡು, ಕ್ಲಿಪ್ಪಿನ ಕಾಲು ತೂರಲು ಈಗಿನ ಕಾಂಕ್ರೀಟ್ ಸ್ಲೀಪರಿನೊಳಗೆ ಮೊದಲೇ ಹೂತಿಟ್ಟ ಎರಕದ ಇನ್ಸರ್ಟ್. ಈ ನಾಲ್ಕೂ ಸರಿಯಿದ್ದರೇ ಹಿಡಿತ ಸರಿ. ತುಕ್ಕು ಹಿಡಿದರೆ ಕ್ಲಿಪ್ ಇನ್ಸರ್ಟಿನಲ್ಲಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಆಗಾಗ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಬೇಕು.

ಹಾಗಾದರೆ ಉಕ್ಕಿನ ಸ್ಲೀಪರ್ ಏಕೆ ಕಡಿಮೆಯಾಯಿತು?

ದೊಡ್ಡ ಕಾರಣ ಸಿಗ್ನಲ್. ಹಳಿಗಳಲ್ಲಿ ಸಣ್ಣ ವಿದ್ಯುತ್ ಹರಿಸಿ, ರೈಲು ಎಲ್ಲಿದೆ ಎಂದು ತಿಳಿಯುವ ವ್ಯವಸ್ಥೆಗೆ ಟ್ರ್ಯಾಕ್ ಸರ್ಕ್ಯೂಟ್ ಎನ್ನುತ್ತಾರೆ. ರೈಲು ಬಂದಾಗ ಅದರ ಅಚ್ಚು ಎರಡು ಹಳಿಗಳನ್ನು ಜೋಡಿಸುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಬರಿಯ ಉಕ್ಕಿನ ಸ್ಲೀಪರ್ ರೈಲಿಲ್ಲದಾಗಲೂ ಹಳಿಗಳನ್ನು ಜೋಡಿಸಿಬಿಡುತ್ತದೆ. ಬೇರೆ ಬೇರೆ ಪದರ ಹಾಕಿ ವಿದ್ಯುತ್ ತಡೆಯಬಹುದು, ಆದರೆ ಖರ್ಚು, ಕಾಳಜಿ ಎರಡೂ ಹೆಚ್ಚು. ಕಾಂಕ್ರೀಟ್ ಸ್ಲೀಪರಿನಲ್ಲಿ ರಬ್ಬರ್ ಪ್ಯಾಡ್ ಮತ್ತು ಗಾಜಿನೆಳೆ ಬೆರೆಸಿದ ನೈಲಾನ್ ಲೈನರ್ ಸಾಕು.

ಎರಡನೆಯದು ತುಕ್ಕು. ಮಂಗಳೂರಿನಂಥ ಕರಾವಳಿಯ ಉಪ್ಪುಗಾಳಿ ತೆಳು ತಗಡಿಗೆ ಶತ್ರು. ಮೂರನೆಯದು ತೂಕ. ಸುಮಾರು 270 ಕಿಲೋ ತೂಗುವ ಕಾಂಕ್ರೀಟ್ ಸ್ಲೀಪರ್, ಬಿಸಿಲಿನಲ್ಲಿ ಬಾಗಲು ನೋಡುವ ಹಳಿಯನ್ನು ತನ್ನ ಭಾರದಿಂದಲೇ ತಡೆಯುತ್ತದೆ.

ಆದರೂ ಲೋಹದ ಸ್ಲೀಪರಿನ ಕಾಲ ಮುಗಿದಿಲ್ಲ. ಜಲ್ಲಿಯಿಲ್ಲದ ಗರ್ಡರ್ ಸೇತುವೆಯ ಮೇಲೆ ಭಾರದ ಕಾಂಕ್ರೀಟ್ ಹೊಂದುವುದಿಲ್ಲ. ಅಲ್ಲಿ ಮರದ ಬದಲು ಉಕ್ಕಿನ ಚಾನಲ್ ಸ್ಲೀಪರ್ ಮತ್ತು ಎಚ್-ಬೀಮ್ ಸ್ಲೀಪರ್ ಬಂದಿವೆ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದಲ್ಲಿ 55 ಕಿಲೋಮೀಟರಿಗೆ 57 ಸುರಂಗಗಳು, ಐವತ್ತಕ್ಕೆ ಒಂದರ ಇಳಿಜಾರು. ಅಲ್ಲಿ ಇಳಿಯುವ ರೈಲು ಬ್ರೇಕ್ ಹಿಡಿದಾಗ ಹಳಿಯೂ ಕೆಳಕ್ಕೆ ಜರುಗಲು ನೋಡುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಇಂಗ್ಲಿಷಿನ ವೈ ಅಕ್ಷರದ ಆಕಾರದ ಉಕ್ಕಿನ ಸ್ಲೀಪರುಗಳೂ ಇವೆ.

ಖರ್ಚಿನ ಲೆಕ್ಕ

ಉಕ್ಕಿನ ಬೆಲೆ ದಿನಕ್ಕೊಂದು. ಆದ್ದರಿಂದ ತೂಕದಿಂದ ಲೆಕ್ಕ ಹಿಡಿಯಿರಿ. ಮುಖ್ಯ ಮಾರ್ಗದಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್. ತಲಾ 80 ಕಿಲೋ ಎಂದರೆ ಸುಮಾರು 130 ಟನ್ ಉಕ್ಕು. ಅದಕ್ಕೆ ಅಂದಿನ ದರ ಹಾಕಿ, ಒತ್ತುವ ಕೂಲಿ ಮತ್ತು ಫಾಸ್ಟನಿಂಗ್ ಸೇರಿಸಿ. ಕಾಂಕ್ರೀಟ್ ಸ್ಲೀಪರಿನಲ್ಲಿ ಇರುವ ತಂತಿ ಸುಮಾರು 8 ಕಿಲೋ ಮಾತ್ರ. ಕಾಂಕ್ರೀಟ್ ಗೆದ್ದ ಗುಟ್ಟಿನಲ್ಲಿ ಇದೂ ಒಂದು. ಸ್ಲೀಪರಿಗೆ ನಾಲ್ಕರಂತೆ ಕಿಲೋಮೀಟರಿಗೆ 6640 ಕ್ಲಿಪ್ ಬೇಕು.

ಬಾಳಿಕೆಯನ್ನೂ ಎಣಿಸಿ. ಉಕ್ಕು 40ರಿಂದ 50 ವರ್ಷ, ಕಾಂಕ್ರೀಟ್ 50ರಿಂದ 60 ವರ್ಷ. ಕೊನೆಯಲ್ಲಿ ಉಕ್ಕು ಗುಜರಿಗೆ ಒಳ್ಳೆಯ ಬೆಲೆ ತರುತ್ತದೆ. ಹಳೆಯ ಕಾಂಕ್ರೀಟಿಗೆ ಗುಜರಿ ಬೆಲೆ ಇಲ್ಲ.

ಎಲ್ಲಿ ಸಿಗುತ್ತದೆ?

ಕಾರ್ಖಾನೆಗೆ ಸ್ವಂತ ಸೈಡಿಂಗ್ ಬೇಕಾದವರು ಲಖನೌದ ಆರ್‌ಡಿಎಸ್‌ಒ, ಅಂದರೆ ರೈಲ್ವೆಯ ಸಂಶೋಧನೆ, ವಿನ್ಯಾಸ ಮತ್ತು ಮಾನಕ ಸಂಸ್ಥೆ, ಒಪ್ಪಿದ ತಯಾರಕರಿಂದಲೇ ಕೊಳ್ಳಬೇಕು. ಸಾಮಾನು ಅದರ ನಕ್ಷೆಗೆ ಸರಿಹೊಂದಿರಬೇಕು. ಮಾರ್ಕ್-3 ಕ್ಲಿಪ್ಪಿನ ನಕ್ಷೆಯ ಸಂಖ್ಯೆ ಟಿ-3701.

ತೋಟದ ಬೇಲಿಗೆ, ಶೆಡ್ಡಿಗೆ ಹಳೆಯ ಸ್ಲೀಪರ್ ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ರೈಲ್ವೆ ಹಳೆಯ ಸಾಮಾನನ್ನು ಐಆರ್‌ಇಪಿಎಸ್ ಜಾಲತಾಣದಲ್ಲಿ ಇ-ಹರಾಜು ಮಾಡುತ್ತದೆ. ಅದಕ್ಕೆ ನೋಂದಣಿ ಮತ್ತು ಡಿಜಿಟಲ್ ಸಹಿ ಬೇಕು. ಹರಾಜು ಹಿಡಿದ ವ್ಯಾಪಾರಿಯಿಂದ ಕೊಂಡರೆ ರಸೀದಿ ಕೇಳಿ ಪಡೆದು, ಜೋಪಾನವಾಗಿಡಿ. ರಸೀದಿಯಿಲ್ಲದ ರೈಲ್ವೆ ಸಾಮಾನು ನಿಮ್ಮ ಬಳಿ ಸಿಕ್ಕರೆ, 1966ರ ರೈಲ್ವೆ ಆಸ್ತಿ ಕಾಯ್ದೆಯಡಿ ಮೊದಲ ತಪ್ಪಿಗೇ ಐದು ವರ್ಷದವರೆಗೆ ಸಜೆಯಾಗಬಹುದು.

ಹಳಿಯ ಪಕ್ಕ ಬಿದ್ದ ಕ್ಲಿಪ್ ಕಂಡರೆ ಅದನ್ನು ಎತ್ತಿಕೊಳ್ಳಬೇಡಿ, ಹಳಿಗೂ ಇಳಿಯಬೇಡಿ. ಹತ್ತಿರದ ಕಂಬದ ಮೇಲಿನ ಕಿಲೋಮೀಟರ್ ಸಂಖ್ಯೆ ಗುರುತಿಟ್ಟುಕೊಂಡು ಸ್ಟೇಷನ್ ಮಾಸ್ಟರಿಗೆ ಹೇಳಿ, ಇಲ್ಲವೇ 139ಕ್ಕೆ ಕರೆ ಮಾಡಿ. ಆ ಸುದ್ದಿ ಕೀಮನ್‌ಗೆ ತಲುಪುತ್ತದೆ. ಮಳೆಯಿರಲಿ, ಬಿಸಿಲಿರಲಿ, ದಿನವೂ ತನ್ನ ಪಾಲಿನ ದಾರಿಯನ್ನು ನಡೆದು, ಸಡಿಲವಾದದ್ದನ್ನು ಬಡಿದು ಕೂರಿಸುವವರು ಅವರು.