ಕಾರವಾರದ ಚಪಲ್ ಹಡಗಿನೊಳಗೆ

ಸಸ್ತಾಪುರ ಬಂಗ್ಲಾದಲ್ಲಿ ಹಗಲಿರುಳು ಲಾರಿ ನೋಡುವ ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆಯವರು ಹಡಗನ್ನು ಕಂಡದ್ದು ಹೆಚ್ಚಾಗಿ ಚಿತ್ರದಲ್ಲೇ. ಅದರ ಹೊಟ್ಟೆಯೊಳಗೆ ಹೊಕ್ಕು ನೋಡಬೇಕೆಂದರೆ ರಾಜ್ಯದ ಇನ್ನೊಂದು ಮೂಲೆಗೆ, ಕಾರವಾರಕ್ಕೆ ಹೋಗಬೇಕು. ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ನೌಕಾಪಡೆಯ ಐಎನ್‌ಎಸ್ ಚಪಲ್ ಈಗ ಸಂಗ್ರಹಾಲಯ. ಇದು ಸೋವಿಯತ್ ದೇಶದಲ್ಲಿ ತಯಾರಾದ ಕ್ಷಿಪಣಿ ಹಡಗು.

ಟಿಕೆಟ್ ಪಡೆದು ಹತ್ತಿರ ಹೋದೆ. ಉದ್ದ 39 ಮೀಟರಿಗೂ ಕಮ್ಮಿ. ಯುದ್ಧದ ಹಡಗು ಇಷ್ಟೇನಾ ಅನ್ನಿಸಿತು.

ಮೇಲೆ ಹತ್ತಿದರೆ ಆ ಅನುಮಾನ ನಿಲ್ಲುವುದಿಲ್ಲ. ಎಡಕ್ಕೆರಡು, ಬಲಕ್ಕೆರಡು ದುಂಡನೆಯ ಗೂಡುಗಳು. ಒಂದೊಂದರಲ್ಲೂ ಸುಮಾರು 5.8 ಮೀಟರ್ ಉದ್ದದ, ಎರಡು ಟನ್‌ಗೂ ಮಿಕ್ಕಿದ ಕ್ಷಿಪಣಿ ಇರುತ್ತಿತ್ತು. ಹಿಂದೆ ಮುಂದೆ ಜೋಡಿ ನಳಿಗೆಯ ತೋಪುಗಳು. ಇದೇ ಬಗೆಯ ಹಡಗುಗಳು 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ್ದವು. ನೌಕಾಪಡೆ ದಿನ ಆಚರಿಸುವುದು ಅದೇ ತಾರೀಖಿಗೆ. ಚಪಲ್ ಆ ಯುದ್ಧ ಕಂಡಿಲ್ಲ. ಅದು ಸೇವೆಗೆ ಸೇರಿದ್ದು 1976ರಲ್ಲಿ, ನಿವೃತ್ತಿಯಾದದ್ದು 2005ರಲ್ಲಿ.

ಒಳಗೆ ಹೋಗಲು ತಲೆ ತಗ್ಗಿಸಲೇಬೇಕು. ಬಾಗಿಲಿಗೆ ಎತ್ತರದ ಹೊಸ್ತಿಲು, ನೀರು ನುಗ್ಗದಂತೆ. ಏಣಿ ಎಷ್ಟು ಕಡಿದಾಗಿದೆಯೆಂದರೆ ಎರಡೂ ಕೈಯಲ್ಲಿ ಕಂಬಿ ಹಿಡಿಯದೆ ಇಳಿಯಲಾಗದು. ತಲೆಯ ಮೇಲೆಲ್ಲ ಕೊಳವೆ, ತಂತಿ. ಯಾವುದು ಎಲ್ಲಿಗೆ ಹೋಗುತ್ತದೆಂದು ಹೇಳಲು ನನ್ನಿಂದಾಗದು. ನಾವಿಕರ ಬೊಂಬೆಗಳನ್ನು ಅವರವರ ಕೆಲಸದ ಜಾಗದಲ್ಲಿ ಇಟ್ಟಿದ್ದಾರೆ. ಬೊಂಬೆಗಿಂತ ಆ ಜಾಗವೇ ನನ್ನನ್ನು ಹಿಡಿದು ನಿಲ್ಲಿಸಿತು. ಯಂತ್ರ, ಆಯುಧ, ಡೀಸೆಲ್‌ಗೆ ಬಿಟ್ಟು ಉಳಿದ ಸಂದುಗೊಂದಿನಲ್ಲಿ ಸುಮಾರು ಮೂವತ್ತು ಜನ ಉಂಡು ಮಲಗಬೇಕಿತ್ತು. ನಮ್ಮ ಲಾರಿಯ ಕ್ಯಾಬಿನ್ನೇ ವಾಸಿ, ಗಾಳಿಯಾದರೂ ಬರುತ್ತದೆ.

ಲಾರಿ ಬಾಡಿ ಕಟ್ಟುವ ಊರಿನವರಿಗೆ ಎಂಜಿನ್ ವಿಷಯ ಹೇಳದಿದ್ದರೆ ಹೇಗೆ? ಭಾರೀ ಲಾರಿಗೆ ಸಾಮಾನ್ಯವಾಗಿ ಆರು ಸಿಲಿಂಡರ್. ಈ ಬಗೆಯ ಹಡಗಿಗೆ ಮೂರು ಡೀಸೆಲ್ ಎಂಜಿನ್. ಒಂದೊಂದಕ್ಕೆ 56 ಸಿಲಿಂಡರ್, 5,000 ಅಶ್ವಶಕ್ತಿ. ನೀರನ್ನು ಸೀಳಿಕೊಂಡು ಗಂಟೆಗೆ 65 ಕಿ.ಮೀ.ಗಿಂತ ಹೆಚ್ಚು ಓಡುತ್ತಿತ್ತೆಂದರೆ ನಂಬಬಹುದು.

ಹೊರಗೆ ಬಂದರೆ ಪಕ್ಕದಲ್ಲೇ ಟುಪೊಲೆವ್ ವಿಮಾನ. 2017ರವರೆಗೆ ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದ ಮಾದರಿಯದು. ರೆಕ್ಕೆಯ ಅಗಲ 50 ಮೀಟರ್, ಅಂದರೆ ಹಡಗಿನ ಉದ್ದಕ್ಕಿಂತ ಹೆಚ್ಚು! ಮಕ್ಕಳೆಲ್ಲ ಅತ್ತ ಓಡುತ್ತಾರೆ. ನನಗೆ ಹಡಗೇ ಮೇಲೆನಿಸಿತು.

ಬೀದರ್ ಜಿಲ್ಲೆಯಿಂದ ಗೋಕರ್ಣ, ಮುರ್ಡೇಶ್ವರಕ್ಕೆ ಮಕ್ಕಳನ್ನು ಕರೆದೊಯ್ಯುವ ಶಾಲೆಗಳು ಕಾರವಾರಕ್ಕೂ ಅರ್ಧ ದಿನ ಇಟ್ಟುಕೊಳ್ಳಲಿ. ಮೊಣಕಾಲು ನೋವಿರುವ ಹಿರಿಯರು ಮಾತ್ರ ಏಣಿ ಇಳಿಯದೆ ಮೇಲಿನಿಂದಲೇ ನೋಡುವುದು ಒಳ್ಳೆಯದು.